ಒಂದು ಕ್ಯಾನ್ ಬ್ರೇಕ್ ಆಯಿಲ್‌ನಿಂದ ಹುಟ್ಟಿದ ಕ್ಲಬ್ಬು

ಪ್ರಶ್ನೆ: ನಮಸ್ಕಾರ ಸರ್, ನಾನು ಸಾಗರದ ಕಡೆಯವನು. ನಮ್ಮ ಸುತ್ತಮುತ್ತ ನಾಲ್ಕು ಜನರ ಹತ್ರ ಸ್ಪೋರ್ಟ್ಸ್ ಕಾರ್ ಇದೆ. ಓನರ್ಸ್ ಕ್ಲಬ್ ಮಾಡೋಣ ಅಂತ ಎರಡು ವರ್ಷದಿಂದ ಮಾತಾಡ್ತಾನೇ ಇದೀವಿ, ಆಗ್ತಾ ಇಲ್ಲ. ಶಿವಮೊಗ್ಗದಲ್ಲಿ ನಿಮ್ಮದು ಹೇಗೆ ಶುರು ಆಯ್ತು? ರಿಜಿಸ್ಟರ್ ಮಾಡಿಸ್ಲೇಬೇಕಾ? ಘಾಟಿಯಲ್ಲಿ ಡ್ರೈವ್ ಇಟ್ಕೊಂಡ್ರೆ ಪೊಲೀಸ್ ತೊಂದರೆ ಆಗತ್ತಾ?

ಉತ್ತರ: ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಆ ಕ್ಲಬ್ಬಿನ ಪ್ರೆಸಿಡೆಂಟೂ ಅಲ್ಲ ಸೆಕ್ರೆಟರಿನೂ ಅಲ್ಲ. ಸಾಗರ ರೋಡಿನ ಆಟೋ ಕಾಂಪ್ಲೆಕ್ಸಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ಇಟ್ಕೊಂಡಿರೋನು, ಕ್ಲಬ್ ಹುಟ್ಟಿದ್ದು ನನ್ನ ಶೆಡ್ಡಲ್ಲಿ ಅನ್ನೋ ಒಂದೇ ಕಾರಣಕ್ಕೆ ಇಂಥ ಪ್ರಶ್ನೆ ಬಂದ್ರೆ ಎಲ್ರೂ ನನ್ನ ಕಡೆ ತಳ್ತಾರೆ, ಆಗ್ಲಿ, ಹೇಳ್ತೀನಿ.

ನೀವು ಎರಡು ವರ್ಷದಿಂದ ಮಾತಾಡ್ತಿದೀರಲ್ಲ, ನಮ್ಮವರು ಐದು ವರ್ಷ ಮಾತಾಡಿದ್ರು. ಲೋಗೋ ಮಾಡಿಸಿದ್ರು, ಟೀ ಶರ್ಟಿಗೆ ಬಣ್ಣ ಯಾವ್ದು ಅಂತ ಜಗಳ ಆಡಿದ್ರು, ಹೆಸರಲ್ಲಿ ಮಲೆನಾಡು ಇರ್ಬೇಕಾ ಸಹ್ಯಾದ್ರಿ ಇರ್ಬೇಕಾ ಅಂತ ಒಂದು ಇಡೀ ಮಳೆಗಾಲ ಕಳೆದ್ರು. ಕ್ಲಬ್ ಮಾತ್ರ ಆಗ್ಲಿಲ್ಲ. ಆಗಿದ್ದು ಯಾವಾಗ ಅಂದ್ರೆ ಎಂಟೊಂಬತ್ತು ವರ್ಷದ ಹಿಂದೆ, ಆಯುಧ ಪೂಜೆಗೆ ನಾಲ್ಕು ದಿನ ಇರೋವಾಗ, ಐದು ಲೀಟರಿನ ಒಂದು ಕ್ಯಾನ್ ಬ್ರೇಕ್ ಆಯಿಲ್ ದೆಸೆಯಿಂದ.

ನಮ್ಮ ಕಡೆ ಈ ಕಾರುಗಳ ಜೀವನ ಹೇಗೆ ಅಂತ ನಿಮಗೆ ಗೊತ್ತಿರೋದೇ. ಆರಿದ್ರೆ ಮಳೆ ಹಿಡ್ಕೊಂಡ್ರೆ ಆಶ್ಲೇಷ ಮುಗಿಯೋತನಕ ಇಂಥ ಕಾರು ಹೊರಗೆ ತೆಗಿಯೋ ಮಾತೇ ಇಲ್ಲ, ಆಮೇಲೂ ರಸ್ತೆ ಗುಂಡಿ ಮುಚ್ಚೋವರೆಗೆ ಧೈರ್ಯ ಸಾಲಲ್ಲ, ಹಾಗಾಗಿ ಜೂನಿಂದ ಸೆಪ್ಟೆಂಬರ್ ತನಕ ಶೆಡ್ಡಲ್ಲೇ ಮಲಗಿರ್ತಾವೆ. ಮಲಗಿದ ಕಾರು ಓಡೋ ಕಾರಿಗಿಂತ ಜಾಸ್ತಿ ಹಾಳಾಗತ್ತೆ. ಸೀಟಿಗೆ ಬೂಷ್ಟು ಹಿಡಿಯತ್ತೆ, ಇಲಿ ವೈರಿಂಗ್ ತಿನ್ನತ್ತೆ, ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟಿದ್ರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡು ಗಾಡಿ ಅಲ್ಲಾಡಲ್ಲ, ಕೆಲವಕ್ಕೆ ಕ್ಲಚ್ ಪ್ಲೇಟೇ ಫ್ಲೈವೀಲಿಗೆ ಅಂಟಿಕೊಂಡು ಗೇರ್ ಬೀಳಲ್ಲ. ಮೇಲೆ ತೆಗೆಯೋ ಟಾಪ್ ಇರೋ ಕಾರಾದ್ರೆ ಇನ್ನೊಂದು ಕಥೆ, ಸೀಟಿನ ಹಿಂದೆ ನೀರು ಹೋಗೋಕೆ ಸಣ್ಣ ತೂತು ಇರತ್ತೆ, ಅದರಲ್ಲಿ ಎಲೆ ಕಸ ಕೂತ್ರೆ ನೀರು ಹೊರಗೆ ಹೋಗೋ ಬದಲು ಕಾರ್ಪೆಟ್ ಅಡಿಗೆ ಇಳಿಯತ್ತೆ, ಓನರಿಗೆ ಗೊತ್ತಾಗೋದು ವಾಸನೆ ಬಂದಮೇಲೆ. ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಹೊದಿಸಿ ಕಾರು ಉಳಿಸಿದೆ ಅಂದ್ಕೊಳ್ಳೋರಿಗೆ ಕೈ ಮುಗಿದು ಹೇಳ್ತೀನಿ, ಅದು ತೇವ ಒಳಗೇ ಕಟ್ಟಿಹಾಕತ್ತೆ, ಮಾಡ್ಬೇಡಿ. (ಬಾನೆಟ್ಟಲ್ಲಿ ಹೊಗೆಸೊಪ್ಪು ಇಡೋದೂ ಅಷ್ಟೇ, ಮೊದಲನೇ ವಾರ ಇಲಿಗೆ ಸ್ವಲ್ಪ ಮುಜುಗರ ಆಗತ್ತೆ, ಆಮೇಲೆ ಅದರ ಮೇಲೇ ಗೂಡು ಕಟ್ಟತ್ತೆ.)

ಹೀಗಾಗಿ ಏನಾಗತ್ತೆ ಅಂದ್ರೆ, ನಾಲ್ಕು ತಿಂಗಳು ಮಲಗಿದ ಕಾರುಗಳೆಲ್ಲ ಆಯುಧ ಪೂಜೆ ಹತ್ರ ಬಂದಾಗ ಒಂದೇ ಸಲಕ್ಕೆ ಗ್ಯಾರೇಜಿಗೆ ಬರ್ತಾವೆ. ಕುಂಬಳಕಾಯಿ ಒಡೆಯೋ ದಿನಕ್ಕಾದ್ರೂ ಗಾಡಿ ಸ್ಟಾರ್ಟ್ ಆಗಿ ನಿಂಬೆಹಣ್ಣು ಹತ್ತಿಸ್ಬೇಕಲ್ಲ. ಆ ವರ್ಷ ನನ್ನ ಶೆಡ್ಡಿಗೆ ಆರು ಬಂದಿದ್ವು. ಆರು ಜನ ಓನರುಗಳೂ ಮಳೆ ಬಿಡ್ಲಿ ಅಂತ ಒಂದೇ ತಗಡಿನ ಅಡಿ ನಿಂತಿದ್ರು.

ಈಗ ಬ್ರೇಕ್ ಆಯಿಲ್ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಘಾಟಿ ಪಕ್ಕ ಇರೋ ನಿಮಗೂ ಬೇಕಾಗಿರೋದೇ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳತ್ತೆ, ಅದರ ಗುಣವೇ ಅದು. ಡಾಟ್ 4 ಅನ್ನೋ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರಿದ ಮೇಲೆ ಆ ಲೆಕ್ಕ 155 ಡಿಗ್ರಿಗೆ ಇಳಿಯತ್ತೆ. ಡಾಟ್ 3 ಆದ್ರೆ 205 ಇದ್ದಿದ್ದು 140ಕ್ಕೆ. ಬಯಲುಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ನಡೆಯತ್ತೆ. ಆಗುಂಬೆ ಅಂದ್ರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ, ಇಲ್ಲಿ ಗಾಳಿಯೇ ಅರ್ಧ ನೀರು. ಇಂಥ ಆಯಿಲ್ ಇಟ್ಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಗೇರಲ್ಲಿ ಹಿಡೀದೆ ಬರೀ ಬ್ರೇಕ್ ಮೇಲೆ ಇಳಿದ್ರೆ, ಕೆಳಗೆ ಸೋಮೇಶ್ವರ ಮುಟ್ಟೋ ಮುಂಚೆ ಚಕ್ರದಲ್ಲಿ ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರ್ ಹತ್ರ ಆಯಿಲ್ ಕುದ್ದು ಗುಳ್ಳೆ ಏಳತ್ತೆ, ಗುಳ್ಳೆ ಅಮುಕಿದ್ರೆ ಕುಗ್ಗತ್ತೆ ಹೊರತು ಬ್ರೇಕ್ ಹಿಡಿಯಲ್ಲ, ಪೆಡಲ್ಲು ಸ್ಪಂಜ್ ತುಳಿದಂಗೆ ನೆಲಕ್ಕೆ ಹೋಗತ್ತೆ. ಸ್ಪೋರ್ಟ್ಸ್ ಕಾರ್ ಇರೋರು ಇಂಜಿನ್ ಪವರ್ ಬಗ್ಗೆ ಮೂರು ಗಂಟೆ ಮಾತಾಡ್ತಾರೆ, ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು ಅಂತ ಕೇಳಿದ್ರೆ ಆಕಾಶ ನೋಡ್ತಾರೆ.

ಒಂದು ಕಾರಿಗೆ ಹಳೇದನ್ನ ಪೂರ್ತಿ ತಳ್ಳಿ ಹೊಸದು ತುಂಬ್ಸೋಕೆ ಹತ್ರ ಹತ್ರ ಒಂದು ಲೀಟರ್ ಬೇಕು. ಆ ದಿನ ಊರಲ್ಲಿ ಒಳ್ಳೇ ಆಯಿಲ್ಲಿನ ಸಣ್ಣ ಬಾಟ್ಲಿ ಸ್ಟಾಕ್ ಇರ್ಲಿಲ್ಲ. ಬೆಂಗಳೂರು ಜೆ.ಸಿ. ರೋಡಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸ್ಬಹುದು, ಆದ್ರೆ ಐದು ಲೀಟರ್ ಕ್ಯಾನ್ ಮಾತ್ರ ಇದೆ ಅಂದ್ರು. ಕ್ಯಾನ್ ಒಡೆದ ಮೇಲೆ ಇಟ್ಕೊಂಡು ಮುಂದಿನ ವರ್ಷ ಹಾಕೋಹಾಗಿಲ್ಲ, ಮುಚ್ಚಳ ತೆಗೆದ ಕ್ಷಣದಿಂದ ಅದೂ ತೇವ ಕುಡಿಯೋಕೆ ಶುರು ಮಾಡತ್ತೆ. ಒಬ್ರಿಗೆ ತರಿಸಿದ್ರೆ ನಾಲ್ಕು ಲೀಟರ್ ಚರಂಡಿಗೆ. ಆರೂ ಜನ ಸೇರಿ ತರಿಸಿದ್ರೆ ಒಂದೇ ದಿನ ಆರೂ ಕಾರಿಗೆ ಹಾಕ್ಬೇಕು, ಅಂದ್ರೆ ಆರೂ ಜನ ಒಂದೇ ದಿನ ಬರ್ಬೇಕು. ಬಂದ್ರು. ಅದೇ ನೋಡಿ ಮೊದಲನೇ ಮೀಟಿಂಗು, ಯಾರೂ ಮೀಟಿಂಗ್ ಅಂತ ಕರೀಲಿಲ್ಲ ಅಷ್ಟೇ. ಬ್ಲೀಡಿಂಗ್ ಮಾಡೋಕೆ, ಅಂದ್ರೆ ಪೈಪಲ್ಲಿರೋ ಹಳೇ ಆಯಿಲ್ಲು ಗಾಳಿ ಹೊರಗೆ ತಳ್ಳೋಕೆ, ಒಬ್ರು ಒಳಗೆ ಕೂತು ಪೆಡಲ್ ತುಳೀಬೇಕು, ಒಬ್ರು ಚಕ್ರದ ಹತ್ರ ಆಯಿಲ್ ಬಿಡೋ ಸಣ್ಣ ನಿಪ್ಪಲ್ ಸಡಿಲ ಮಾಡ್ಬೇಕು, ನನ್ನ ಹುಡುಗರು ಹಬ್ಬಕ್ಕೆ ಊರಿಗೆ ಹೋಗಿದ್ರು, ಹಾಗಾಗಿ ಡಾಕ್ಟ್ರ ಕಾರಿಗೆ ಅಡಿಕೆ ಮಂಡಿಯವರು ಪೆಡಲ್ ತುಳಿದ್ರು, ಮಂಡಿಯವರ ಕಾರಿಗೆ ಕಾಲೇಜು ಲೆಕ್ಚರರ್ ತುಳಿದ್ರು. ಮಧ್ಯಾಹ್ನದೊಳಗೆ ಎಲ್ಲರ ಪ್ಯಾಂಟಿಗೂ ಗ್ರೀಸು, ಲೋಗೋ ಬಗ್ಗೆ ಒಬ್ರೂ ಮಾತಾಡ್ಲಿಲ್ಲ.

ನನ್ನ ಅನುಭವದಲ್ಲಿ ಓನರ್ಸ್ ಕ್ಲಬ್ ಅನ್ನೋದು ಹುಟ್ಟೋದು ಹೀಗೇ, ಒಬ್ಬನ ಕೈಲಿ ಆಗದ ಒಂದು ಸಣ್ಣ ಕೆಲಸ ಇರ್ಬೇಕು. ಪ್ರೀತಿ ಇದ್ರೆ ಸಾಕು ಅಂತಾರೆ, ಸಾಕಾಗಲ್ಲ, ಪ್ರೀತಿ ಇರೋರು ಮನೇಲಿ ಕೂತು ಒಬ್ಬೊಬ್ರೇ ಪ್ರೀತಿ ಮಾಡ್ಬಹುದು.

ಸಂಜೆ ಒಬ್ರು ಸೈಕಲ್ ಸ್ಟ್ಯಾಂಡ್ ಹಾಕಿದಂಗೆ ಟಿವಿಎಸ್ ಎಕ್ಸೆಲ್ ನಿಲ್ಲಿಸಿ ಬಂದ್ರು, ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯೋರು, ಕ್ಯಾನಿನ ದುಡ್ಡು ಅವರ ಅಂಗಡಿ ಮೂಲಕ ಕಟ್ಟಿದ್ವಿ ಅದಕ್ಕೆ ವಸೂಲಿಗೆ ಬಂದಿದ್ದು. ನಮ್ಮವರು ತಲಾ ಇಷ್ಟು ಅಂತ ರೌಂಡ್ ಫಿಗರ್ ಕೊಡೋಕೆ ಹೋದ್ರೆ ಅವರು ಒಪ್ಲಿಲ್ಲ, ಯಾರ ಕಾರಿಗೆ ಎಷ್ಟು ಆಯಿಲ್ ಹೋಯ್ತು ಕೇಳಿ, ಬಸ್ ಪಾರ್ಸೆಲ್ ಚಾರ್ಜ್ ಹಂಚಿ, ಆರು ಜನಕ್ಕೆ ಆರು ಬೇರೆ ಬೇರೆ ಚೀಟಿ ಬರೆದು ಕೊಟ್ರು, ಪೈಸೆ ಸಮೇತ. ಎಲ್ರೂ ನಕ್ಕರು. ಆಮೇಲೆ ಯಾಕೆ ಈ ಮನುಷ್ಯನ ವಿಷಯ ಎತ್ತಿದೆ ಅಂತ ಗೊತ್ತಾಗತ್ತೆ.

ನಿಮ್ಮ ರಿಜಿಸ್ಟ್ರೇಷನ್ ಪ್ರಶ್ನೆಗೆ ಬರ್ತೀನಿ. ಮಾಡಿಸ್ಲೇಬೇಕು ಅಂತ ಕಾನೂನಿಲ್ಲ, ನಾಲ್ಕು ಜನ ಸೇರಿ ಜೋಗಕ್ಕೆ ಹೋಗಿ ಬರೋಕೆ ಯಾರ ಸಹಿನೂ ಬೇಡ. ಆದ್ರೆ ಎಲ್ಲರ ದುಡ್ಡು ಒಂದು ಕಡೆ ಕೂಡೋಕೆ ಶುರು ಆದ ದಿನ ಮಾಡಿಸಿಬಿಡಿ, ಒಬ್ರ ಸ್ವಂತ ಅಕೌಂಟಿಗೆ ದುಡ್ಡು ಹಾಕ್ತಾ ಹೋದ ಎಷ್ಟು ಗುಂಪು ಮುರಿದು ಬಿದ್ದಿದ್ದು ನಾನೇ ನೋಡಿದೀನಿ. ನಮ್ಮಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ, ಉದ್ದೇಶ, ವಿಳಾಸ, ಕಮಿಟಿ ಹೆಸರು, ಬೈಲಾ ಬರೆದು ರಿಜಿಸ್ಟ್ರಾರಿಗೆ ಕೊಡೋದು, ಆಮೇಲೆ ವರ್ಷ ವರ್ಷ ಸಾಮಾನ್ಯ ಸಭೆ ಮಾಡಿ ಆಡಿಟ್ ಆದ ಲೆಕ್ಕ ಕಳಿಸೋದು. ಅದಕ್ಕೆ ಕಮ್ಮಿ ಅಂದ್ರೂ ಏಳು ಜನ ಬೇಕು.

ನಾವಿದ್ದಿದ್ದು ಆರು ಜನ.

ನನ್ನನ್ನೇ ಏಳನೆಯವನಾಗು ಅಂದ್ರು. ನಾನು ಒಪ್ಲಿಲ್ಲ, ಯಾಕಂದ್ರೆ ಕ್ಲಬ್ಬಿನ ದುಡ್ಡು ಕೊನೆಗೆ ಬರೋದು ನನ್ನ ಗ್ಯಾರೇಜಿಗೇ, ನಾನೇ ಬಿಲ್ ಬರೆದು ನಾನೇ ಪಾಸ್ ಮಾಡಿದಂಗಾಗತ್ತೆ. ಆಗ ಡಾಕ್ಟ್ರು ಆ ಎಕ್ಸೆಲ್ಲಿನವರನ್ನ ಹಾಕ್ಕೊಳ್ಳೋಣ ಅಂದ್ರು. ಓನರ್ಸ್ ಕ್ಲಬ್ಬಿಗೆ ಕಾರಿಲ್ಲದವರು ಹೇಗೆ ಅಂತ ದೊಡ್ಡ ಚರ್ಚೆ ಆಯ್ತು, ಕೊನೆಗೆ ಬೈಲಾದಲ್ಲಿ 'ಮಾಲೀಕರು' ಅಂತ ಇದ್ದ ಕಡೆ 'ಮಾಲೀಕರು ಮತ್ತು ಆಸಕ್ತರು' ಅಂತ ಸೇರಿಸಿ ಅವರಿಂದ ಏಳನೇ ಸಹಿ ಹಾಕಿಸಿದ್ವಿ, ಖಜಾಂಚಿನೂ ಅವರೇ. ಇವತ್ತಿಗೂ ಅವರೇ. ನಾಲ್ಕು ಪ್ರೆಸಿಡೆಂಟ್ ಬದಲಾದ್ರು, ಎರಡು ಸಲ ಮಾತು ಬಿಟ್ಟು ಬೇರೆ ಆಗೋ ಹಂತಕ್ಕೆ ಬಂದಿತ್ತು, ಎರಡೂ ಸಲ ಜಗಳ ನಿಂತಿದ್ದು ಅವರ ನೋಟ್‌ಬುಕ್ ತೆರೆದು ಓದಿದ ಮೇಲೆ.

ಇದು ನಮ್ಮೊಬ್ಬರ ಕಥೆ ಅಂದ್ಕೊಂಡಿದ್ದೆ, ಆದ್ರೆ ಇಂಗ್ಲೆಂಡಿನ ಎಂಜಿ ಕಾರ್ ಕ್ಲಬ್ ಗೊತ್ತಲ್ಲ (ನಮ್ಮಲ್ಲಿ ಈಗ ಎಂಜಿ ಅಂದ್ರೆ ಹೆಕ್ಟರ್ ನೆನಪಾಗತ್ತೆ, ಆಗ ಎಂಜಿ ಅಂದ್ರೆ ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು), ಅದು ಶುರುವಾಗಿದ್ದೂ 1930ರಲ್ಲಿ ಒಬ್ಬ ಓನರು ನಮಗೊಂದು ಕ್ಲಬ್ ಬೇಡ್ವಾ ಅಂತ ಪತ್ರಿಕೆಗೆ ಬರೆದ ಪತ್ರದಿಂದ, ಅಂದ್ರೆ ನೀವು ಈಗ ಬರೆದಂಗೇ. ಅದಕ್ಕೆ ಸೆಕ್ರೆಟರಿ ಆದ ಜಾನ್ ಥಾರ್ನ್‌ಲಿ ಅನ್ನೋರು ಲೆಕ್ಕಪತ್ರದ ಕಡೆಯವರು, ಆಮೇಲೆ ಆ ಕಂಪನಿ ಸೇರಿ ಜನರಲ್ ಮ್ಯಾನೇಜರ್‌ವರೆಗೂ ಹೋದ್ರು. ನಮ್ಮ ಖಜಾಂಚಿಗೆ ಇದನ್ನ ಹೇಳಿದ್ರೆ 'ಅವರು ಆಡಿಟ್ ಟೈಮಿಗೆ ಸರಿಯಾಗಿ ಕೊಡ್ತಿದ್ರಾ' ಅಂತ ಕೇಳಿದ್ರು.

ನೀವು ಕೇಳಿಲ್ಲ, ಆದ್ರೆ ಕ್ಲಬ್ ಮಾಡಿದ ತಕ್ಷಣ ಎದುರಾಗೋ ಜಗಳ ಒಂದಿದೆ, ಸ್ಪೋರ್ಟ್ಸ್ ಕಾರ್ ಅಂದ್ರೆ ಎಂತದು ಅಂತ. ನಮ್ಮ ಆರರಲ್ಲಿ ಒಂದು ಸ್ಯಾನ್ ಸ್ಟಾರ್ಮ್, ಗೋವಾದಲ್ಲಿ ತಯಾರಾದ ಎರಡು ಸೀಟಿನ ಫೈಬರ್ ಬಾಡಿ ಕಾರು, ನೋಡೋಕೆ ಅಪ್ಪಟ ಸ್ಪೋರ್ಟ್ಸ್ ಕಾರು, ಇಂಜಿನ್ ರೆನೋದ 1.2 ಲೀಟರ್, ಪವರ್ 60 ಹಾರ್ಸ್‌ಪವರ್. ಪಕ್ಕದಲ್ಲೇ ನಿಂತಿದ್ದು ಹಳೇ ಹೋಂಡಾ ಸಿಟಿ ವಿಟೆಕ್, ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಮದುವೆಗೆ ಹೋಗೋ ಕಾರಿನ ಮುಖ, ಆದ್ರೆ ನೂರರ ಮೇಲೆ ಹಾರ್ಸ್‌ಪವರ್. ಇನ್ನೊಂದು ಅಬಾರ್ತ್ ಪುಂಟೊ, 145. ಎರಡೇ ಸೀಟು ಅಂತ ರೂಲ್ ಮಾಡಿದ್ರೆ ಸಿಟಿ ಔಟು, ಪವರ್ ಅಂತ ಮಾಡಿದ್ರೆ ಸ್ಟಾರ್ಮ್ ಔಟು. ಡಾಕ್ಟ್ರ ಹೆಂಡ್ತಿ ಬಂದಿದ್ರು ಅವತ್ತು, 'ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು, ಮನೆಯವರು ಇದ್ಯಾಕೆ ತಗೊಂಡ್ರಿ ಅಂತ ಬೈದ ಕಾರೆಲ್ಲ ನಿಮ್ಮ ಕ್ಲಬ್ಬಿಗೆ ಸೇರಿಸ್ಕೊಳ್ಳಿ' ಅಂದ್ರು. ಬೈಲಾದಲ್ಲಿ ಹಾಗೆ ಬರೆಯೋಕಾಗ್ಲಿಲ್ಲ, ಆದ್ರೆ ನಡೆಸ್ಕೊಂಡು ಬಂದಿರೋದು ಅದೇ ರೂಲು.

ಅಕ್ಕಪಕ್ಕದ ಚಿಕ್ಕಮಗಳೂರಲ್ಲಿ ಮೋಟಾರ್ ಸ್ಪೋರ್ಟ್ ಅಷ್ಟು ಬೇಗ ಬೆಳೀತು, ನಮ್ಮಲ್ಲಿ ಯಾಕಿಲ್ಲ ಅಂತ ಕೆಲವರು ಕೇಳ್ತಾರೆ. ನಾನು ಚಿಕ್ಕವನಿದ್ದಾಗ ಅಲ್ಲಿ ರ‍್ಯಾಲಿಗಳಿಗೆ ಸರ್ವಿಸ್ ಹುಡುಗನಾಗಿ ಹೋಗ್ತಿದ್ದೆ, ಮಾರುತಿ ಜಿಪ್ಸಿಗಳ ಕಾಲ ಅದು. ಅಲ್ಲಿ ಕಾಫಿ ಎಸ್ಟೇಟಿನ ಒಳಗಡೆನೇ ಮೈಲುಗಟ್ಟಲೆ ಖಾಸಗಿ ಮಣ್ಣು ರಸ್ತೆ, ಗೇಟ್ ಹಾಕಿದ್ರೆ ರ‍್ಯಾಲಿ ಓಡಿಸೋ ಸ್ಟೇಜ್ ರೆಡಿ. ಜೀಪ್ ಓಡಿಸಿ ಬೆಳೆದ ಹುಡುಗರು, ಅದರ ಮೇಲೆ 1994ರಲ್ಲಿ ಬ್ರೆಜಿಲ್ಲಲ್ಲಿ ಹಿಮ ಬಿದ್ದು ಅವರ ಕಾಫಿ ಸುಟ್ಟು ಇಲ್ಲಿ ರೇಟ್ ಏರಿತಲ್ಲ, ಆ ದುಡ್ಡು. ಆಮೇಲೆ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ರ‍್ಯಾಲಿ ಕೂಡ ಆ ತೋಟದ ರಸ್ತೆಗಳಲ್ಲೇ ನಡೀತು. ನಮ್ಮದು ಅಡಿಕೆ ಸೀಮೆ, ಸಣ್ಣ ಸಣ್ಣ ತೋಟ, ತೋಟದೊಳಗೆ ಕಾಲುದಾರಿ ಮತ್ತು ನೀರು ಹೋಗೋ ಕಾಲುವೆ, ಕಾರು ಎಲ್ಲಿ ಓಡ್ಸ್ತೀರಿ. ಇಲ್ಲಿ ಇಂಥ ಕಾರು ಬಂದಿದ್ದು ತಡವಾಗಿ, ಡಾಕ್ಟರುಗಳಿಂದ, ಮಂಡಿಯವರಿಂದ, 2020ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿಂದ ಮನೆಗೆ ಬಂದ ಸಾಫ್ಟ್‌ವೇರ್ ಹುಡುಗರಿಂದ. ಹಾಗಾಗಿ ನಮ್ಮ ಕ್ಲಬ್ಬು ರೇಸಿನ ಕ್ಲಬ್ ಆಗ್ಲಿಲ್ಲ, ಆಗೋದೂ ಬೇಡ.

ಪೊಲೀಸ್ ವಿಷಯ ಇಲ್ಲೇ ಬಂತು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸು, ಸ್ಪೀಡ್ ಟ್ರಯಲ್ಲು ಅಪರಾಧ, 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶ ಇದೆ. ಸುಮ್ನೆ ಸಾಲಾಗಿ ಹೋಗೋದು ರೇಸ್ ಅಲ್ಲ, ಆದ್ರೂ ನಾವು ಎಷ್ಟು ಕಾರು, ಯಾವ ದಾರಿ, ಎಷ್ಟೊತ್ತಿಗೆ ಅಂತ ಒಂದು ಪತ್ರ ಬರೆದು ಮೊದಲೇ ಕೊಡ್ತೀವಿ, ಹತ್ತು ಕಾರು ಒಟ್ಟಿಗೆ ಹೋದ್ರೆ ನೋಡೋರಿಗೆ ಅದು ರೇಸೇ. ಒಂದ್ಸಲ ಟೈಮ್ ಸ್ಪೀಡ್ ಡಿಸ್ಟೆನ್ಸ್ ರ‍್ಯಾಲಿ ಮಾಡೋಣ ಅಂತ ಹೊರಟಿದ್ವಿ, ಅದರಲ್ಲಿ ಜೋರಾಗಿ ಹೋದ್ರೆ ಪ್ರಯೋಜನ ಇಲ್ಲ, ಗಂಟೆಗೆ 32 ಕಿಲೋಮೀಟರ್ ಸರಾಸರಿ ಅಂತ ಕೊಟ್ಟು 16 ಕಿಲೋಮೀಟರ್ ದೂರದಲ್ಲಿ ಟೈಮ್ ನೋಡೋ ಕಂಟ್ರೋಲ್ ಇಟ್ರೆ ಸರಿಯಾಗಿ 30 ನಿಮಿಷಕ್ಕೆ ಬರ್ಬೇಕು, ತಡ ಆದ್ರೂ ಪೆನಾಲ್ಟಿ ಬೇಗ ಬಂದ್ರೂ ಪೆನಾಲ್ಟಿ. ಎಲ್ಲ ತಯಾರಿ ಆಗಿತ್ತು, ನಮ್ಮ ಖಜಾಂಚಿ ಎಲ್ಲರ ಇನ್ಶೂರೆನ್ಸ್ ಪಾಲಿಸಿ ತರಿಸಿ ಓದಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಜೊತೆಗೆ ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳತ್ತೆ ಅಂತ ನೋಡೋ ಓಟ) ಅನ್ನೋದಕ್ಕೂ ಕವರ್ ಇಲ್ಲ ಅಂತ ಅಲ್ಲಿತ್ತು. ನಿಮ್ಮ ಪಾಲಿಸಿಯಲ್ಲೂ ಇರತ್ತೆ, ತೆಗೆದು ನೋಡಿ. ನಂಬರ್ ಕೊಡೋ ಸ್ಪರ್ಧೆ ಬೇಕು ಅಂದ್ರೆ ಅದಕ್ಕೆ ರಾಷ್ಟ್ರೀಯ ಫೆಡರೇಶನ್ ಇದೆ, ಎಫ್‌ಎಂಎಸ್‌ಸಿಐ ಅಂತ, ಅವರ ಮಾನ್ಯತೆ ಇರೋ ಕ್ಲಬ್ಬುಗಳ ಮೂಲಕ ಹೋಗಿ. ನಾವು ಟೈಮ್ ಹಾಕೋದು ಅಲ್ಲಿಗೆ ಬಿಟ್ವಿ. ಬೆಳಿಗ್ಗೆ ಆರಕ್ಕೆ ಹೊರಟು ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯಲ್ಲಿ ಕಡುಬು ತಿಂದು ಆಗುಂಬೆ ಮುಟ್ಟಿ ವಾಪಸ್ಸು.

ಘಾಟಿಯಲ್ಲಿ ಹತ್ತೋ ಗಾಡಿಗೆ ದಾರಿ ಬಿಡ್ಬೇಕು, ಇದು ರೂಲೂ ಹೌದು ಮರ್ಯಾದೆನೂ ಹೌದು. ಸೈಲೆನ್ಸರ್ ಬದಲಾಯಿಸಿ ಊರೊಳಗೆ ಪಟಪಟ ಅನ್ನಿಸೋರನ್ನ ನಾವು ಸೇರಿಸ್ಕೊಳ್ಳಲ್ಲ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಮಾರ್ಪಾಡು ಮಾಡೋಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ 2019ರಲ್ಲಿ ಹೇಳಿದೆ.

ಮೊದಲನೇ ಡ್ರೈವಲ್ಲೇ ಒಂದು ಎಡವಟ್ಟಾಯ್ತು, ಅದನ್ನ ಹೇಳದೆ ಮುಗಿಸಿದ್ರೆ ಕಥೆ ಪೂರ್ತಿ ಆಗಲ್ಲ. ತೀರ್ಥಹಳ್ಳಿ ದಾಟಿದ ಮೇಲೆ ಒಂದು ಊರ ಮುಂದೆ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲ 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಲ್ಲಿ ಆರಾಮಾಗಿ ದಾಟಬಹುದು. ಇದು ಊರವರೇ ಹಾಕ್ಕೊಂಡಿದ್ದು, ಅಗಲ ಮೊಳದಷ್ಟು ಎತ್ತರ ಅದಕ್ಕೆ ಸರಿಸಮ. ಮಂಡಿಯವರ ಕಾರು ನೆಲದಿಂದ ಒಂದು ಗೇಣೂ ಎತ್ತರ ಇಲ್ಲ, ಮುಂದಿನ ಚಕ್ರ ದಾಟ್ತು, ಹೊಟ್ಟೆ ಕೂತ್ಕೊಳ್ತು. ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲೋ ಸಂಪ್ ಸೀಳಿ ಇಂಜಿನ್ ಆಯಿಲ್ ಇಳಿಯೋಕೆ ಶುರು. ಆಚೆ ಮನೆ ಅಂಗಳದಲ್ಲಿ ಅಡಿಕೆ ಸುಲೀತಿದ್ದ ನಾಲ್ಕು ಜನ ಎದ್ದು ಬಂದು ನೋಡಿ, ಒಬ್ಬ ಹೆಂಗಸು 'ಎಂತಕ್ಕೆ ಮಾರಾಯ್ರೆ ಇಷ್ಟು ಗಿಡ್ಡ ಮಾಡಿದಾರೆ ಇದನ್ನ' ಅಂತ ಕೇಳಿದ್ರು, ಅದಕ್ಕೆ ನಮ್ಮ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಅವರೇ ಮನೆ ಹಿಂದಿಂದ ಎರಡು ಅಡಿಕೆ ದಬ್ಬೆ (ಉದ್ದಕ್ಕೆ ಸೀಳಿದ ಅಡಿಕೆ ಮರ) ತಂದು ಹಂಪಿನ ಎರಡೂ ಕಡೆ ಇಳಿಜಾರು ಕೊಟ್ಟು ಕಾರು ಎತ್ತಿ ಇಳಿಸಿದ್ರು. ನಾನು ಸೀಳಿನ ಸುತ್ತ ಪೆಟ್ರೋಲಲ್ಲಿ ಚೆನ್ನಾಗಿ ಒರೆಸಿ ಎಂ-ಸೀಲ್ ಮೆತ್ತಿ, ಎರಡು ಗಂಟೆ ಒಣಗೋಕೆ ಬಿಟ್ಟು, ಹೊಸ ಆಯಿಲ್ ಹಾಕಿ ನಿಧಾನಕ್ಕೆ ಶಿವಮೊಗ್ಗಕ್ಕೆ ತಂದೆ. ಆ ಎರಡು ಗಂಟೆ ಆರು ಜನಕ್ಕೂ ಆ ಮನೇಲೇ ಕಾಫಿ ಆಯ್ತು, ಅಕ್ಕಿ ರೊಟ್ಟಿನೂ ಆಯ್ತು. ಅವತ್ತಿಂದ ಹಿಂದೆ ಬರೋ ಸಪೋರ್ಟ್ ಜಿಪ್ಸಿ ಮೇಲೆ ಎರಡು ದಬ್ಬೆ ಕಟ್ಟೇ ಇರತ್ತೆ. ಗೊತ್ತಿಲ್ಲದ ಹಂಪ್ ಬಂದ್ರೆ ಇಳಿದು ನೋಡೋದು, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸೋದು, ಆಗ್ಲಿಲ್ಲ ಅಂದ್ರೆ ದಬ್ಬೆ.

ನಿಮಗೆ ಈಗ ನಾಲ್ಕು ಜನ ಇದೀರ, ಏಳಕ್ಕೆ ಮೂರು ಕಮ್ಮಿ. ಮೂರು ಕಾರು ಹುಡುಕ್ಬೇಡಿ. ಒಬ್ರು ಲೆಕ್ಕದವರು, ಒಬ್ರು ವೈರಿಂಗ್ ಗೊತ್ತಿರೋರು, ಇನ್ನೊಬ್ರು ಗಾಡಿ ಕೆಟ್ಟಾಗ ಬೈಕೊಳ್ದೆ ಬರೋ ಪಿಕಪ್ ಇರೋರು, ಈ ಮೂರು ಜನ ಸಿಕ್ಕಿದ್ರೆ ಸಾಕು. ಅಲ್ಲಿತನಕ ಸುಮ್ನೆ ಕೂರ್ಬೇಕಾಗಿಲ್ಲ, ನಾವು ಈಗ್ಲೂ ಪ್ರತಿ ವರ್ಷ ಆಯುಧ ಪೂಜೆ ಹಿಂದಿನ ಭಾನುವಾರ ಕ್ಯಾನ್ ಒಡೀತೀವಿ, ನಾಲ್ಕೂ ಕಾರು ತಗೊಂಡು ಬೆಳಿಗ್ಗೆ ಎಂಟಕ್ಕೆ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಪೆಡಲ್ ನೀವೇ ತುಳೀಬೇಕು. ಒಂದು ಹದಿನೈದು ದಿನ ಮುಂಚೆ ಹೇಳಿ, ಈಗ ನಮ್ಮವೇ ಹದಿನೇಳು ಕಾರು ಆಗಿವೆ, ನೀವು ಸೇರಿದ್ರೆ ಇನ್ನೊಂದು ಕ್ಯಾನ್ ಬಸ್ಸಿಗೆ ಹಾಕಿಸ್ಬೇಕಾಗತ್ತೆ, ಚೀಟಿ ನಮ್ಮ ಖಜಾಂಚಿ ಬರೆದು ಕೊಡ್ತಾರೆ, ಪೈಸೆ ಸಮೇತ.